ಬರೀ ಅಮೆರಿಕ

ನಮ್ಮ ಸೋದರಮಾವ ಸುಳ್ಳು ಹೇಳಿರಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದು ಅವರ ಮೇಲಿನ ದೂರಿನ ಹಾಗೆ ಕಾಣಬಹುದು.

2017ರಲ್ಲಿ ಮನೆಯಲ್ಲಿ ನನಗೆ ಹೆಣ್ಣು ಹುಡುಕೋಕೆ ಶುರು ಮಾಡಿದ್ದರು. ಮಾವ ಹೊಸದುರ್ಗದ ಕಡೆ ಒಂದು ಮನೆಗೆ ಹೋಗಿ, ಕಾಫಿ ಕುಡಿದು, "ಹುಡುಗ ಅಮೆರಿಕಾದಾಗವ್ನೆ" ಅಂತ ಹೇಳಿ ಬಂದರು. ನಾನು ಇದ್ದದ್ದು ಮೆಕ್ಸಿಕೋ ದೇಶದ ಗ್ವಾದಲಹಾರ ಅನ್ನೋ ಊರಲ್ಲಿ. ಎಚ್-1ಬಿ ಲಾಟರಿಯಲ್ಲಿ ಎರಡು ವರ್ಷ ನನ್ನ ಹೆಸರು ಬಂದಿರಲಿಲ್ಲ. ಕ್ಲೈಂಟ್ ಡಲ್ಲಾಸ್‌ನಲ್ಲಿದ್ದ. ಅವನು ಎದ್ದಿರೋ ಹೊತ್ತಿಗೆ ಎದ್ದಿರೋ ಜನ ಬೇಕು, ವೀಸಾ ತಲೆನೋವು ಬೇಡ ಅಂತ ಕಂಪನಿಯವರು ನಮ್ಮ ನಾಲ್ಕು ಜನರನ್ನ ಗಡಿಯ ಈಚೆಗೆ ಕೂರಿಸಿದ್ದರು. ಮೆಕ್ಸಿಕೋ ಇರೋದು ಉತ್ತರ ಅಮೆರಿಕ ಖಂಡದಲ್ಲೇ. ಹೈಸ್ಕೂಲಿನ ಸಮಾಜ ವಿಜ್ಞಾನದ ಪುಸ್ತಕ ಬಿಚ್ಚಿ ನೋಡಿದರೂ ಮಾವನ ಮಾತು ನೂರಕ್ಕೆ ನೂರು ಸರಿ.

ಮೂರು ವಾರ ಆದಮೇಲೆ ಹುಡುಗಿಯ ಅಪ್ಪ ಫೋನ್ ಮಾಡಿದರು. ಮಾವನಿಗಲ್ಲ, ನೇರ ನಮ್ಮಪ್ಪನಿಗೆ. "ಅಮೆರಿಕಾ ಅಂದಿದ್ರಿ, ಯಾವ್ದೋ ಮೆಕ್ಸಿಕೋ ಅಂತೆ" ಅಂದರಂತೆ. ಅಷ್ಟೇ. ಜಗಳ ಇಲ್ಲ, ಬೈಗುಳ ಇಲ್ಲ. ನಮ್ಮಪ್ಪನಿಗೆ ಆವತ್ತು ಆದ ಅವಮಾನ ಆರು ತಿಂಗಳು ಅವರ ಮುಖದ ಮೇಲೇ ಇತ್ತು. ಮಾವ ಮಾತ್ರ ಇವತ್ತಿಗೂ ಕೇಳ್ತಾರೆ: "ಅಳಿಯಾ, ನಾನು ಹೇಳಿದ್ರಲ್ಲಿ ತಪ್ಪೇನಿತ್ತು? ಮ್ಯಾಪಲ್ಲಿ ಅಮೆರಿಕ ಅಂತಾನೇ ಬರ್ದಿಲ್ವೇನು?"

ಬರೆದಿದೆ. ತೊಂದರೆ ಇರೋದೇ ಅಲ್ಲಿ.

ನಮ್ಮೂರು ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿ. ಆಂಧ್ರದ ಗಡಿ ಹತ್ತಿರ. ಬೆಳೆ ಅಂದ್ರೆ ಶೇಂಗಾ, ಮಳೆ ಅಂದ್ರೆ ಕಾಯೋದು. ಅಲ್ಲಿ ‘ಅಮೆರಿಕಾ’ ಅನ್ನೋ ಮಾತನ್ನ ನಾನು ಮೊದಲು ಕೇಳಿದ್ದು ಅಪ್ಪನ ಬಾಯಲ್ಲಿ. ಅವರು ಕನ್ನಡ ಶಾಲೆಗೆ ಹೋಗ್ತಿದ್ದ ಕಾಲಕ್ಕೆ ಮಧ್ಯಾಹ್ನ ಹಳದಿ ಉಪ್ಪಿಟ್ಟು, ಹಾಲಿನ ಪುಡಿ ಕೊಡ್ತಿದ್ದರು. ‘ಕೇರ್’ ಸಂಸ್ಥೆಯ ಉಪ್ಪಿಟ್ಟು. ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಕೇಳಿ ನೋಡಿ, ಅದರ ವಾಸನೆ ಇನ್ನೂ ಅವರ ಮೂಗಲ್ಲಿರುತ್ತೆ. ಅಪ್ಪ ಅದನ್ನ "ಅಮೆರಿಕಾ ಉಪ್ಪಿಟ್ಟು" ಅಂತಲೇ ಕರೀತಿದ್ದರು. ಅವರ ಪಾಲಿಗೆ ಅಮೆರಿಕ ಅಂದ್ರೆ ಹೊಟ್ಟೆ ತುಂಬಿಸಿದ, ಮುಖ ನೋಡದ ಯಾರೋ ದೊಡ್ಡ ಸಾಹುಕಾರ. ನಮ್ಮ ಬೀದಿಯ ಒಬ್ಬರ ಮಗ ಕೆನಡಾದ ಟೊರೊಂಟೊದಲ್ಲಿದ್ದಾನೆ; ಅವನೂ ಊರವರ ಲೆಕ್ಕದಲ್ಲಿ ‘ಅಮೆರಿಕಾದಾಗವ್ನೆ’. ಹೀಗೆ ನೋಡಿದರೆ ಹಳ್ಳಿಯವರ ಅಮೆರಿಕ ನಮ್ಮ ಪತ್ರಿಕೆಗಳ ಅಮೆರಿಕಕ್ಕಿಂತ ದೊಡ್ಡದು. ಪತ್ರಿಕೆಯಲ್ಲಿ ಅದು ಒಂದೇ ದೇಶ, ಎಷ್ಟೋ ಸಲ ಒಂದೇ ಬಿಳಿ ಮನೆ.

ಗ್ವಾದಲಹಾರಕ್ಕೆ ಹೋದ ಮೊದಲ ವಾರ, ಊಟದ ಹೊತ್ತಲ್ಲಿ ಮಾತಿಗೆ ಅಂತ ಟೀಮಿನ ಟೆಸ್ಟರ್ ಹುಡುಗಿಯನ್ನ ಕೇಳಿದೆ, ನೀನು ಯಾವಾಗಾದ್ರೂ ಅಮೆರಿಕಕ್ಕೆ ಹೋಗಿದ್ದೀಯಾ ಅಂತ. ಅವಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ನಾನು ಹುಟ್ಟಿದ್ದೇ ಅಲ್ಲಿ."

ಅರ್ಧ ನಿಮಿಷ ನಾನು ಅದನ್ನ ನಿಜ ಅಂತಲೇ ನಂಬಿದ್ದೆ. ಆಮೇಲೆ ಪಕ್ಕದವನು ನಕ್ಕ. ಅವರ ಶಾಲೆಯಲ್ಲಿ ಕಲಿಸೋದು ಅಮೆರಿಕ ಅನ್ನೋದು ಒಂದೇ ಖಂಡ, ಕೆನಡಾದ ಹಿಮದಿಂದ ಅರ್ಜೆಂಟೀನಾದ ಬಾಲದ ತುದಿವರೆಗೆ. ನಮಗೆ ಏಳು ಖಂಡ, ಅವರಿಗೆ ಅಷ್ಟಿಲ್ಲ. ಒಲಿಂಪಿಕ್ಸ್ ಬಾವುಟದ ಐದು ಬಳೆಗಳಲ್ಲೂ ಅಮೆರಿಕಕ್ಕೆ ಒಂದೇ. ನಾವು ‘ಅಮೆರಿಕನ್’ ಅನ್ನೋ ಜಾಗದಲ್ಲಿ ಅವರು ‘ಎಸ್ತಾದೊಉನಿದೆನ್ಸೆ’ ಅಂತಾರೆ, ಅಂದರೆ ಸಂಯುಕ್ತ ಸಂಸ್ಥಾನದವನು. ನನ್ನ ನಾಲಿಗೆಗೆ ಆ ಪದ ಹತ್ತೋಕೆ ಒಂದು ತಿಂಗಳು ಬೇಕಾಯ್ತು. ಸ್ಪ್ಯಾನಿಷ್ ಭಾಷೆಯ ಅಕಾಡೆಮಿಗಳೆಲ್ಲ ಸೇರಿ 2005ರಲ್ಲಿ ತಂದ ಬಳಕೆಯ ನಿಘಂಟಿನಲ್ಲೂ ‘ಅಮೆರಿಕಾನೊ’ ಅನ್ನೋದನ್ನ ಆ ಒಂದು ದೇಶದವರಿಗಷ್ಟೇ ಮೀಸಲಿಡಬೇಡಿ ಅನ್ನೋ ಸಲಹೆ ಇದೆ. ಇನ್ನೊಂದು ತಮಾಷೆ ಏನಂದ್ರೆ, ಮೆಕ್ಸಿಕೋದ ಅಧಿಕೃತ ಹೆಸರಲ್ಲೂ ‘ಸಂಯುಕ್ತ ಸಂಸ್ಥಾನ’ ಇದೆ.

ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದು ಎರಡನೇ ವಾರ. ಸಮಾಧಾನ ಮಾಡೋಕೆ ಅಂತ "ನನಗೆ ಅಮೆರಿಕ ಅಂದ್ರೆ ಇಷ್ಟ" ಅಂದುಬಿಟ್ಟೆ. ಇಡೀ ಟೇಬಲ್ ಸುಮ್ಮನಾಯ್ತು. ಮೆಕ್ಸಿಕೋ ಸಿಟಿಯಲ್ಲಿ ‘ಅಮೆರಿಕ’ ಅಂತಲೇ ಒಂದು ಫುಟ್‌ಬಾಲ್ ಕ್ಲಬ್ ಇದೆ, 1916ರದ್ದು. ಗ್ವಾದಲಹಾರದ ‘ಚೀವಾಸ್’ ತಂಡಕ್ಕೂ ಅದಕ್ಕೂ ಹಾವು ಮುಂಗುಸಿ. ಬೆಂಗಳೂರಲ್ಲಿ ನಿಂತು ಚೆನ್ನೈ ತಂಡದ ಹಳದಿ ಬಾವುಟ ಬೀಸಿದ ಹಾಗಾಗಿತ್ತು ನನ್ನ ಕಥೆ.

ಆ ಹುಡುಗಿಯ ಮಾತು ನನ್ನನ್ನ ಬಿಡಲಿಲ್ಲ. ರೂಮಿಗೆ ಬಂದು ಓದೋಕೆ ಕೂತೆ. ಹೆಸರು ಎಲ್ಲಿಂದ ಬಂತು ಅನ್ನೋದು ನಮಗೆಲ್ಲ ಒಂದು ಸಾಲಿನಲ್ಲಿ ಗೊತ್ತು: ಕೊಲಂಬಸ್ ಹೋದ, ಅಮೆರಿಗೊ ವೆಸ್ಪುಚಿಯ ಹೆಸರು ಬಂತು. ಆದರೆ ನನಗೆ ಗೊತ್ತಿಲ್ಲದೇ ಇದ್ದದ್ದು ಆ ಹೆಸರನ್ನ ಮೊದಲು ಎಲ್ಲಿ ಬರೆದರು ಅನ್ನೋದು. 1507ರಲ್ಲಿ ಮಾರ್ಟಿನ್ ವಾಲ್ಡ್‌ಸೀಮ್ಯುಲರ್ ಅನ್ನೋ ಜರ್ಮನ್ ಭೂಪಟಕಾರ, ಈಗ ಫ್ರಾನ್ಸ್‌ನಲ್ಲಿರೋ ಸಾಂ-ದಿಯೆ ಅನ್ನೋ ಸಣ್ಣ ಊರಲ್ಲಿ ಕೂತು ಒಂದು ದೊಡ್ಡ ಪಟ ಅಚ್ಚು ಹಾಕಿಸಿದ. ಏಷ್ಯಾ, ಯುರೋಪಾ ಅನ್ನೋ ಹೆಸರುಗಳು ಹೆಂಗಸರವು, ಹಾಗಾಗಿ ‘ಅಮೆರಿಗೊ’ ಅನ್ನೋ ಗಂಡು ಹೆಸರನ್ನೂ ‘ಅಮೆರಿಕಾ’ ಮಾಡೋಣ ಅಂತ ಅವನ ಗೆಳೆಯರ ಬಳಗ ಜೊತೆಯ ಪುಸ್ತಕದಲ್ಲಿ ಕಾರಣ ಕೊಟ್ಟಿತು. ಮತ್ತೆ ಆ ಹೆಸರನ್ನ ಕೆತ್ತಿದ್ದು ಎಲ್ಲಿ? ಪಟದ ಕೆಳಭಾಗದಲ್ಲಿ. ಈಗಿನ ಬ್ರೆಜಿಲ್ ಇರೋ ಕಡೆ. ನ್ಯೂಯಾರ್ಕ್, ಟೆಕ್ಸಾಸ್ ಇರೋ ಜಾಗದಲ್ಲಿ ಆ ಹೆಸರೇ ಇಲ್ಲ.

ಅಂದರೆ ಮೊದಲ ಅಮೆರಿಕ ದಕ್ಷಿಣದ್ದು. 1538ರಲ್ಲಿ ಮರ್ಕೇಟರ್ ತನ್ನ ಪಟದಲ್ಲಿ ಉತ್ತರಕ್ಕೂ ಅದೇ ಹೆಸರು ಹಂಚಿದ. ಸಂಯುಕ್ತ ಸಂಸ್ಥಾನ ಹುಟ್ಟಿದ್ದು 1776ರಲ್ಲಿ, ಆ ಹೆಸರಿಗೆ ಆಗಲೇ ಇನ್ನೂರ ಅರವತ್ತೊಂಬತ್ತು ವರ್ಷ ವಯಸ್ಸು. ಅವರೂ ಪಾಪ ‘ಅಮೆರಿಕದ ಸಂಯುಕ್ತ ಸಂಸ್ಥಾನಗಳು’ ಅಂತಲೇ ಇಟ್ಟುಕೊಂಡಿದ್ದು, ‘ಹಿರಿಯೂರಿನ ರೈತ ಸಂಘ’ ಅಂದ ಹಾಗೆ. ಸಂಘದ ಹೆಸರೇ ಊರಿನ ಹೆಸರಾಗಿ, ಸಂಘಕ್ಕೆ ಸೇರದವರು ಊರಿನವರೇ ಅಲ್ಲ ಅನ್ನೋ ಹಾಗಾಗಿದ್ದು ಆಮೇಲೆ. ಆ 1507ರ ಪಟದ ಉಳಿದಿರೋ ಒಂದೇ ಪ್ರತಿ 1901ರಲ್ಲಿ ಜರ್ಮನಿಯ ಒಂದು ಕೋಟೆಮನೆಯಲ್ಲಿ ಸಿಕ್ಕಿತು. ಅದನ್ನ 1 ಕೋಟಿ ಡಾಲರ್ ಕೊಟ್ಟು ಕೊಂಡದ್ದು ಯಾರು ಅಂತೀರಿ? ವಾಷಿಂಗ್‌ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್. ಹೆಸರು ಹೋದ ಕಡೆಗೇ ಪಟವೂ ಹೋಯ್ತು.

ಇದನ್ನೆಲ್ಲ ಓದಿದ ಮೇಲೆ ನನ್ನ ಕಣ್ಣಿಗೆ ಕನ್ನಡ ಪುಸ್ತಕಗಳ ಹೆಸರುಗಳೇ ಬೇರೆ ತರ ಕಾಣೋಕೆ ಶುರುವಾದವು.

ಬಿ.ಜಿ.ಎಲ್. ಸ್ವಾಮಿಯವರನ್ನೇ ತಗೊಳ್ಳಿ. ಸಸ್ಯಗಳ ಬಗ್ಗೆ ಕನ್ನಡದಲ್ಲಿ ಅವರಷ್ಟು ರುಚಿಯಾಗಿ ಬರೆದವರು ಇಲ್ಲ ಅಂತ ನನ್ನ ಅಭಿಪ್ರಾಯ. ಜಗಳಕ್ಕೆ ಬರೋರು ಬರಬಹುದು. ಅವರದು ಎರಡು ಪುಸ್ತಕಗಳಿವೆ. ಒಂದು ‘ಅಮೆರಿಕದಲ್ಲಿ ನಾನು’, ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಹೋಗಿದ್ದ ಕಾಲದ ಅನುಭವ. ಇನ್ನೊಂದು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ನಾವು ನಮ್ಮದೇ ಅಂದುಕೊಂಡು ದಿನಾ ತಿನ್ನೋ ಎಷ್ಟೋ ತರಕಾರಿ, ಹಣ್ಣು, ಕಾಳುಗಳ ತವರು ಆ ಖಂಡ ಅಂತ ಹೇಳೋ ಪುಸ್ತಕ. ಎರಡೂ ಶೀರ್ಷಿಕೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬನೇ ಲೇಖಕ, ಅದೂ ಗಿಡದ ಮೂಲ ಯಾವ ಕಣಿವೆಯದ್ದು ಅಂತ ಗೆರೆ ಎಳೆದು ತೋರಿಸಬಲ್ಲ ಸಸ್ಯವಿಜ್ಞಾನಿ. ಹಾರ್ವರ್ಡ್ ಇರೋ ಕಡೆಗೆ ಬರೀ ‘ಅಮೆರಿಕ’ ಸಾಕು. ಮೊದಲು ಆ ಹೆಸರು ಹೊತ್ತಿದ್ದ ನೆಲಕ್ಕೆ ಮಾತ್ರ ‘ದಕ್ಷಿಣ’ ಅಂತ ಸೇರಿಸಬೇಕು. ಸ್ವಾಮಿಯವರ ತಪ್ಪಲ್ಲ ಇದು. ‘ನಮ್ಮ ಹೊಟ್ಟೆಯಲ್ಲಿ ಅಮೆರಿಕ’ ಅಂತ ಇಟ್ಟಿದ್ದರೆ ಓದುಗರು ಪಿ.ಎಲ್. 480ರ ಗೋಧಿ ಬಗ್ಗೆ ಬರೆದಿದ್ದಾರೆ ಅಂದುಕೊಳ್ತಿದ್ದರು. ಅಷ್ಟರಮಟ್ಟಿಗೆ ಹೆಸರು ಕೈಬಿಟ್ಟು ಹೋಗಿತ್ತು.

ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ (1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಇದಕ್ಕೇ) ಇನ್ನೂ ಮಜವಾದ ಹೆಸರು. ಎರಡೂ ಪದ ಜಾಗದ ಹೆಸರೇ, ಎರಡೂ ಆ ಜಾಗವನ್ನ ಹೇಳ್ತಾ ಇಲ್ಲ. ಸಾಹಿತ್ಯ ಓದೋರಿಗೆ ಗೊರೂರು ಅಂದ್ರೆ ಮನುಷ್ಯ. ಹಾಸನದವರಿಗೆ ಹೇಮಾವತಿಯ ದಂಡೆಯ ಊರು. ಊರಿನ ಹೆಸರನ್ನ ಒಬ್ಬ ಲೇಖಕ ಹೊತ್ತು ತಿರುಗಿದರೆ ಊರಿಗೆ ನಷ್ಟ ಇಲ್ಲ, ಹೆಮ್ಮೆ. ಯಾಕಂದ್ರೆ ಲೇಖಕ ಊರಿಗಿಂತ ದೊಡ್ಡ ಸೈನ್ಯ ಇಟ್ಟುಕೊಂಡಿರಲ್ಲ. ನಾಗತಿಹಳ್ಳಿ ಚಂದ್ರಶೇಖರರ ಸಿನಿಮಾ ‘ಅಮೆರಿಕಾ! ಅಮೆರಿಕಾ!!’ದಲ್ಲಂತೂ ಹೆಸರು ಎರಡು ಸಲ ಬರುತ್ತೆ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಇರಬಹುದು ಅಂತ ಗ್ವಾದಲಹಾರದ ಹುಡುಗಿ ಕೇಳಿದಳು. ಇಲ್ಲಮ್ಮಾ, ಎರಡೂ ಒಂದೇ ದೇಶ ಅಂದೆ.

ಅಲ್ಲಿರೋ ಕನ್ನಡಿಗರ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ಹೆಸರಲ್ಲಿ ಇರೋದು ಬರೀ ಅಮೆರಿಕ. ‘ನಾವಿಕ’ದ ಹೆಸರಲ್ಲಿ ಉತ್ತರ ಅಮೆರಿಕ. ಎರಡನೆಯದು ಭೂಗೋಳದ ಲೆಕ್ಕಕ್ಕೆ ಹೆಚ್ಚು ನಿಖರ ಅನ್ನಿಸ್ತು ನನಗೆ. ಆಮೇಲೆ ಯೋಚಿಸಿದೆ: ನಮ್ಮವರು ‘ಉತ್ತರ ಅಮೆರಿಕ’ ಅಂದಾಗ ಮನಸ್ಸಿನಲ್ಲಿ ಇರೋದು ಸಂಯುಕ್ತ ಸಂಸ್ಥಾನ ಮತ್ತು ಕೆನಡಾ. ಮೆಕ್ಸಿಕೋ ಅಲ್ಲೂ ಹೊರಗೇ. ಗ್ವಾದಲಹಾರದಲ್ಲಿ ನಾವು ನಾಲ್ಕೈದು ಕನ್ನಡದ ಮನೆಯವರು ರಾಜ್ಯೋತ್ಸವಕ್ಕೆ ಅಂತ ಒಂದು ಅಪಾರ್ಟ್‌ಮೆಂಟಿನಲ್ಲಿ ಸೇರಿ ಚಿತ್ರಾನ್ನ ಮಾಡಿಕೊಂಡು ತಿಂದಿದ್ದೆವು. ನಾವು ಯಾವ ಅಮೆರಿಕದ ಕನ್ನಡಿಗರು ಅನ್ನೋದಕ್ಕೆ ಒಂದು ಪದ ಇರಲಿಲ್ಲ.

ಈಗ ನೀವು ಕೇಳಬಹುದು: ಪದದ ಅರ್ಥ ಬಳಕೆಯಿಂದ ಬರುತ್ತೆ, ಕನ್ನಡದಲ್ಲಿ ಅಮೆರಿಕ ಅಂದ್ರೆ ಆ ದೇಶ, ಎಲ್ಲರಿಗೂ ಅರ್ಥ ಆಗುತ್ತೆ, ನಿನ್ನದೇನು ತಕರಾರು? ನಾನೂ ಒಪ್ತೀನಿ. ಎಲ್ಲ ಕಡೆ ‘ಅಮೆರಿಕ ಸಂಯುಕ್ತ ಸಂಸ್ಥಾನ’ ಅಂತ ಬರೆಯಿರಿ ಅಂದ್ರೆ ಪತ್ರಿಕೆಯ ಎರಡು ಕಾಲಂ ಹೆಡ್‌ಲೈನಿಗೆ ಹಿಡಿಯೋದಿಲ್ಲ, ಓದೋರಿಗೆ ಆಕಳಿಕೆ ಬರುತ್ತೆ. ಮೇಲಾಗಿ ಮೂಲದ ಹಕ್ಕು ಅಂತ ಹೊರಟರೆ ನಮ್ಮ ಬುಡಕ್ಕೇ ಬರುತ್ತೆ. ‘ಇಂಡಿಯಾ’ ಅನ್ನೋ ಹೆಸರು ಸಿಂಧೂ ನದಿಯದ್ದು, ಆ ನದಿಯ ಬಹುಪಾಲು ಈಗ ಹರಿಯೋದು ಪಾಕಿಸ್ತಾನದಲ್ಲಿ. ಕೊಲಂಬಸ್ಸಿನ ದಾರಿ ತಪ್ಪಿದ್ದರಿಂದ ಅದೇ ಹೆಸರು ಆ ಖಂಡದ ಮೂಲ ಜನರಿಗೂ ಅಂಟಿಕೊಂಡಿತು. ನಾವು ಚಿಕ್ಕಂದಿನಲ್ಲಿ ‘ರೆಡ್ ಇಂಡಿಯನ್’ ಕಾಮಿಕ್ಸ್ ಓದುವಾಗ ಇವರು ಯಾವ ಜಿಲ್ಲೆಯವರು ಅಂತ ತಲೆ ಕೆರೆದುಕೊಂಡಿದ್ದೂ ಉಂಟು.

ಮಾವನ ವಿಷಯಕ್ಕೆ ಬರ್ತೀನಿ. ಅವರು ಹೇಳಿದ ವಾಕ್ಯ ಭೂಪಟದಲ್ಲಿ ನಿಜ, ಹೊಸದುರ್ಗದ ಆ ಜಗಲಿಯಲ್ಲಿ ಸುಳ್ಳು. ಕೇಳೋರು ಏನು ತಿಳ್ಕೋತಾರೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದರು. ನನಗೂ ಗೊತ್ತಿತ್ತು. ಇದನ್ನ ಇಲ್ಲಿವರೆಗೆ ಹೇಳಿರಲಿಲ್ಲ: ಹೊರಡೋ ಮುಂಚೆ ಮಾವ ಫೋನ್ ಮಾಡಿ "ಏನಂತ ಹೇಳ್ಲಿ?" ಅಂತ ಕೇಳಿದ್ದರು. "ಅಮೆರಿಕ ಅಂತಾನೇ ಅನ್ನು ಮಾವ, ವಿವರ ಆಮೇಲೆ ಹೇಳಿದ್ರಾಯ್ತು" ಅಂದವನು ನಾನೇ. ಲಾಟರಿಯಲ್ಲಿ ಬರದೇ ಇದ್ದದ್ದನ್ನ ಒಂದು ಪದದಲ್ಲಿ ಮುಚ್ಚಿಕೊಳ್ಳೋಣ ಅನ್ನಿಸಿತ್ತು. ಅವಮಾನ ಅಪ್ಪನಿಗಾಯ್ತು.

ಹಾಗಾಗಿ ನನ್ನ ತಕರಾರು ಬಳಕೆಯ ಮೇಲೆ ಅಲ್ಲ, ಆ ಬಳಕೆಗೆ ಬೀಳೋ ಬೆಲೆಯ ಮೇಲೆ. ನಮ್ಮ ಜಿಲ್ಲೆಯಲ್ಲೇ ನೋಡಿ. ‘ದುರ್ಗ’ ಅಂದ್ರೆ ಕೋಟೆ ಇರೋ ಪಟ್ಟಣವೂ ಹೌದು, ಇಡೀ ಜಿಲ್ಲೆಯೂ ಹೌದು. ಬೆಂಗಳೂರಲ್ಲಿ ನಾನು "ದುರ್ಗದವನು" ಅಂತೀನಿ, ಹಿರಿಯೂರು ಅಂದ್ರೆ "ಎಲ್ಲಿ ಬರುತ್ತೆ?" ಅಂತಾರೆ ಅಂತ. ಎದುರಿಗಿರೋನು ತಕ್ಷಣ ಒನಕೆ ಓಬವ್ವ, ಏಳು ಸುತ್ತಿನ ಕೋಟೆ ಅಂತ ಶುರು ಮಾಡ್ತಾನೆ. ನಾನು ಹೂಂ ಅಂತೀನಿ. ನಮ್ಮ ಮಾರಿಕಣಿವೆ ಅಣೆಕಟ್ಟು, 1907ರಲ್ಲಿ ಕಟ್ಟಿ ಮುಗಿಸಿದ್ದು, 1933ರಲ್ಲಿ ಕೋಡಿ ಬಿದ್ದ ಮೇಲೆ ಮುಂದಿನ ಸಲ ಬಿದ್ದದ್ದು 2022ರಲ್ಲಿ, ಇದೆಲ್ಲ ಹೇಳೋಕೆ ಅವಕಾಶವೇ ಬರೋದಿಲ್ಲ. ದುರ್ಗದ ಪಟ್ಟಣದವನಿಗೆ ಈ ಕಷ್ಟ ಇಲ್ಲ. ಅವನು ದುರ್ಗ ಅಂದರೆ ದುರ್ಗ. ಬರೀ ಹೆಸರು ಯಾರಿಗೆ ಸಿಗುತ್ತೆ, ಯಾರು ಮುಂದೊಂದು ಹಿಂದೊಂದು ಸೇರಿಸಿಕೊಂಡು ಬರಬೇಕು, ಅದರಲ್ಲೇ ಯಾರು ದೊಡ್ಡವರು ಅನ್ನೋದು ಗೊತ್ತಾಗುತ್ತೆ. ಹೊಸದುರ್ಗದ ಆ ಯಜಮಾನರು ಮೆಕ್ಸಿಕೋ ಅಂದಾಗ ಮುಖ ಕಿವಿಚಿದ್ದು ಭೂಗೋಳ ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದೇ.

ಇದು ಎಲ್ಲಿ ನಿಜವಾಗಿ ನಷ್ಟ ಮಾಡುತ್ತೆ ಅಂದ್ರೆ, ನಮ್ಮ ಹೊಲದ ಬಗ್ಗೆ ಬರೆಯುವಾಗ. ವಾಟ್ಸ್ಯಾಪಿನಲ್ಲಿ ಓಡಾಡೋ ಬರಹಗಳಲ್ಲಿ, ಕೆಲವು ಸಲ ಕೃಷಿ ಪುರವಣಿಗಳಲ್ಲೂ, ‘ಅಮೆರಿಕ ಮೂಲದ ಬೆಳೆ’ ಅನ್ನೋ ಮಾತು ಬರುತ್ತೆ. ಓದಿದ ರೈತನಿಗೆ ಕಾಣೋದು ಟ್ರ್ಯಾಕ್ಟರ್ ಮೇಲೆ ಕೂತ ಟೋಪಿಯ ಬಿಳಿಯ. ಮೆಣಸಿನಕಾಯಿ, ಮೆಕ್ಕೆಜೋಳ, ಟೊಮ್ಯಾಟೊ, ಶೇಂಗಾ, ಸೀಮೆಬದನೆ, ಇವನ್ನ ಮನೆಗೆ ತಂದು ಪಳಗಿಸಿದವರು ಅವನ ತಾತಂದಿರಲ್ಲ. ಮೆಕ್ಸಿಕೋದ, ಪೆರುವಿನ, ಬೊಲಿವಿಯಾದ ಕಡೆಯ ಮೂಲ ಜನ, ನಮ್ಮ ಹಾಗೆಯೇ ಮಳೆ ನೋಡಿಕೊಂಡು ಬಿತ್ತಿದವರು. ಶೇಂಗಾದ ತವರು ದಕ್ಷಿಣದ್ದು. ಧರ್ಮಪುರದ ಕೆಂಪು ಮಣ್ಣಲ್ಲಿ ನಾವು ಸಾಲ ಮಾಡಿ ಬಿತ್ತೋ ಬೀಜಕ್ಕೆ ಅಲ್ಲಿ ಸಾವಿರಾರು ವರ್ಷದ ಕಥೆ ಇದೆ. ‘ಅಮೆರಿಕ ಮೂಲ’ ಅಂದ ತಕ್ಷಣ ಆ ಕಥೆಯ ಮಾಲೀಕರು ಬದಲಾಗಿಬಿಡ್ತಾರೆ. ಇಲ್ಲಿ ಮಾತ್ರ ಬರೀ ಅಮೆರಿಕ ಸಾಲದು. ಮೆಕ್ಸಿಕೋ ಅಂತಲೋ, ಆಂಡಿಸ್ ಬೆಟ್ಟಗಳು ಅಂತಲೋ, ಗೊತ್ತಿರೋದನ್ನ ಬರೆಯೋಕೆ ಎರಡು ಪದ ಸಾಕು.

ನಮ್ಮ ಹಿರಿಯರು ಇದರಲ್ಲಿ ಜಾಣರು. ಅವರು ಅಮೆರಿಕದ ಗೊಡವೆಗೇ ಹೋಗಲಿಲ್ಲ. ಹಳೇ ಹೈವೇ ಉದ್ದಕ್ಕೂ, ಕೆರೆ ಅಂಗಳದಲ್ಲೆಲ್ಲ ಹಬ್ಬಿರೋ ಮುಳ್ಳಿನ ಮರ ಅಲ್ಲಿಯದೇ, ಅದಕ್ಕೆ ‘ಬಳ್ಳಾರಿ ಜಾಲಿ’ ಅಂದರು. ಗುಡ್ಡದ ಹಣ್ಣು ಅಲ್ಲಿಯದೇ, ಅದನ್ನ ‘ಸೀತಾಫಲ’ ಮಾಡಿ ರಾಮಾಯಣಕ್ಕೆ ಸೇರಿಸಿದರು. ಅದು ಬೇರೆ ಖಂಡದಿಂದ ಬಂತು ಅಂದ್ರೆ ನಮ್ಮಜ್ಜಿ ನನ್ನನ್ನೇ ಹುಚ್ಚ ಅಂತಿದ್ದರು.

ಆಮೇಲೆ ಕತ್ತಾಳೆ. ನಮ್ಮ ಹೊಲದ ಬದುವಿನಲ್ಲಿ ಸಾಲಾಗಿ ನಿಂತಿರುತ್ತಲ್ಲ, ದನ ನುಗ್ಗದ ಹಾಗೆ. ಅಜ್ಜ ಅದನ್ನ ಕೊಯ್ದು, ಕೊಳೆಸಿ, ಬಡಿದು ಹಗ್ಗ ಹೊಸೀತಿದ್ದರು. ಗ್ವಾದಲಹಾರದಿಂದ ಒಂದು ಗಂಟೆ ದೂರದಲ್ಲಿ ತೆಕೀಲಾ ಅಂತ ಊರಿದೆ. ಆ ಹೆಸರು ನಿಮಗೆ ಶುಕ್ರವಾರ ಸಂಜೆಯಿಂದ ಗೊತ್ತಿರುತ್ತೆ. ಆ ಊರ ಸುತ್ತ ಎಕರೆಗಟ್ಟಲೆ ನೀಲಿ ಕತ್ತಾಳೆ, ನಮ್ಮದೇ ಕುಲದ್ದು, ಜಾತಿ ಬೇರೆ. ಅವರು ಗಡ್ಡೆ ಬೇಯಿಸಿ ಹೆಂಡ ಇಳಿಸ್ತಾರೆ, ನಾವು ಎಲೆ ಬಡಿದು ಹಗ್ಗ ಮಾಡಿದೆವು. ಈ ಕುಲದಲ್ಲಿ ಬೇಲಿಗೆ ಹೆಸರಾದ ಒಂದು ಜಾತಿಗೆ ಲಿನ್ನೇಯಸ್ 1753ರಲ್ಲಿ ಇಟ್ಟ ಹೆಸರು ‘ಅಗಾವೆ ಅಮೆರಿಕಾನಾ’. ಇಸವಿ ಗಮನಿಸಿ. ಸಂಯುಕ್ತ ಸಂಸ್ಥಾನ ಹುಟ್ಟೋಕೆ ಇನ್ನೂ ಇಪ್ಪತ್ತಮೂರು ವರ್ಷ ಇತ್ತು. ಆ ‘ಅಮೆರಿಕಾನಾ’ದಲ್ಲಿ ಅಮೆರಿಕ ಅಂದರೆ ಏನಿತ್ತೋ, ಗ್ವಾದಲಹಾರದ ಹುಡುಗಿ ಹುಟ್ಟಿದ್ದು ಅಲ್ಲಿ.

ತೆಕೀಲಾದ ಹೊಲದಲ್ಲಿ ನಿಂತು ಒಂದು ಫೋಟೋ ತೆಗೆದು ಅಮ್ಮನಿಗೆ ಕಳಿಸಿದ್ದೆ. ಸಂಬಂಧ ಮುರಿದು ತಿಂಗಳಾಗಿತ್ತು, ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡ್ತಿರಲಿಲ್ಲ. ರಾತ್ರಿ ಅಮ್ಮನ ಫೋನ್ ಬಂತು.

"ಇದು ನಮ್ ಬದುವಿನ ಕತ್ತಾಳೆ ಅಲ್ವೇನಪ್ಪಾ?"

"ಹೂಂ ಕಣಮ್ಮಾ, ಅದೇ ತರದ್ದು."

"ಅಯ್ಯೋ, ಅಲ್ಲಿಗೂ ತಗಂಡೋಗವ್ರಾ?"